‘ವಿಪ್ಲ್ಯಾಷ್’ ಕೊನೆಯನ್ನು ಓದುವುದು ಹೇಗೆ

(ಸಿನಿಮಾ ನೋಡಿಲ್ಲದವರು ನೋಡಿ ಬಂದು ಓದಿ. ಇಲ್ಲಿ ಕಥೆಯೆಲ್ಲ ಬಯಲಾಗುತ್ತದೆ.)

ಡೇಮಿಯನ್ ಶಜೆಲ್ ನಿರ್ದೇಶನದ 2014ರ ‘ವಿಪ್ಲ್ಯಾಷ್’ ಮುಗಿದ ಮೇಲೆ ನಡೆಯುವ ಜಗಳ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಸಂಗೀತ ಶಾಲೆಯ ಗುರು ಫ್ಲೆಚರ್ ಅಷ್ಟು ಕಾಡಿದ್ದಕ್ಕೇ ಶಿಷ್ಯ ಆಂಡ್ರ್ಯೂ ಡ್ರಮ್ ಹಾಗೆ ನುಡಿಸಿದ ಎಂದು ಒಬ್ಬರು, ಹುಡುಗನ ಬದುಕೇ ಹೋಯಿತಲ್ಲ ಎಂದು ಇನ್ನೊಬ್ಬರು. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತಾರೆ, ಅದು ಇಬ್ಬರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಒಂದರ ತಲೆಗೆ ‘ಆ ರಾತ್ರಿ ಅವನು ಅಸಾಧಾರಣವಾಗಿ ನುಡಿಸಿದನೇ?’ ಎಂದು ಬರೆಯಿರಿ, ಇನ್ನೊಂದಕ್ಕೆ ‘ಅದಕ್ಕೆ ಗುರುವಿನ ಕ್ರೌರ್ಯವೇ ಕಾರಣವೇ?’ ಎಂದು. ಮೊದಲನೆಯದಕ್ಕೆ ಸಿನಿಮಾ ಹೌದು ಎನ್ನುತ್ತದೆ. ಎರಡನೆಯದಕ್ಕೆ ಏನೂ ಹೇಳದೆ ಪರದೆ ಕಪ್ಪಾಗುತ್ತದೆ. ಒಂದರ ಸಾಕ್ಷ್ಯ ಇನ್ನೊಂದು ಕಾಲಂಗೆ ಜಾರದಂತೆ ನೋಡಿಕೊಳ್ಳುವುದೇ ಇಲ್ಲಿನ ಮುಖ್ಯ ಕೆಲಸ.

ಕಾರ್ನೆಗಿ ಹಾಲ್‌ನ ಕೊನೆಯ ಕಛೇರಿಯನ್ನು ಮೂರು ಸಲ ನೋಡಿ.

ಮೊದಲ ಸಲ ಶಬ್ದ ಪೂರ್ತಿ ಮ್ಯೂಟ್ ಮಾಡಿ. ಈ ಚಿತ್ರಕ್ಕೆ 2015ರ ಆಸ್ಕರ್‌ನಲ್ಲಿ ಸಿಕ್ಕ ಮೂರು ಪ್ರಶಸ್ತಿಗಳಲ್ಲಿ ಒಂದು ಸಂಕಲನಕ್ಕೆ, ಒಂದು ಶಬ್ದ ಮಿಶ್ರಣಕ್ಕೆ. ನಿಮ್ಮ ಎದೆಬಡಿತ ಏರಿಸುತ್ತಿರುವುದು ಈ ಎರಡು ಕಸುಬುಗಳ ಜೋಡಿ. ಶಬ್ದ ತೆಗೆದರೆ ಆ ಜೋಡಿ ಮುರಿಯುತ್ತದೆ. ಬೆವರು, ಕೈ, ಮುಖಗಳು ಉಳಿಯುತ್ತವೆ. ರೋಮಾಂಚನವನ್ನೇ ಸಿನಿಮಾದ ತೀರ್ಪು ಎಂದುಕೊಳ್ಳುವುದು ಬಹುಪಾಲು ಜನ ಮಾಡುವ ತಪ್ಪು. ಅದನ್ನು ಹಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಎರಡನೇ ಸಲ ಒಂದೇ ವಿಷಯ ಗಮನಿಸಿ: ಲಯ ಯಾರ ಕೈಯಲ್ಲಿದೆ? ಇದಕ್ಕೆ ಸಮಯ ಕೊಡಿ, ಯಾಕೆಂದರೆ ಇಡೀ ಸಿನಿಮಾ ಇರುವುದೇ ಇದರ ಮೇಲೆ. ಮೊದಲ ತಾಲೀಮಿನಲ್ಲಿ ಫ್ಲೆಚರ್ ಕಪಾಳಕ್ಕೆ ಹೊಡೆಯುತ್ತ ಕೇಳಿದ್ದು ನೀನು ಓಡುತ್ತಿದ್ದೀಯೋ ಎಳೆಯುತ್ತಿದ್ದೀಯೋ ಎಂದೇ. ಕೊನೆಯಲ್ಲಿ ಆಂಡ್ರ್ಯೂ ಅಪ್ಪಣೆ ಕೇಳದೆ ‘ಕ್ಯಾರವಾನ್’ ಎಂಬ ಜಾಝ್ ಹಾಡು ಶುರು ಮಾಡುತ್ತಾನೆ, ಬಾಸ್ ವಾದ್ಯ ನುಡಿಸುವವನಿಗೆ ತಾನೇ ಸನ್ನೆ ಕೊಡುತ್ತಾನೆ. ಫ್ಲೆಚರ್ ಹತ್ತಿರ ಬಂದು ಬೆದರಿಸಿದರೂ ನಿಲ್ಲಿಸುವುದಿಲ್ಲ. ಹಾಡು ಮುಗಿಯಬೇಕಾದಲ್ಲೂ ಮುಗಿಸದೆ ಸೋಲೋ ಮುಂದುವರಿಸುತ್ತಾನೆ. ಏನು ಮಾಡುತ್ತಿದ್ದೀಯ ಎಂದು ಕೇಳಿದ ಗುರುವಿಗೆ, ಸನ್ನೆ ನಾನು ಕೊಡುತ್ತೇನೆ ಎನ್ನುತ್ತಾನೆ. ಇಲ್ಲಿಯವರೆಗೆ ಇದು ದಂಗೆ. ಇದಾದ ಮೇಲೆ ಓರೆಯಾದ ಸಿಂಬಲನ್ನು (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಫ್ಲೆಚರ್ ನೆಟ್ಟಗೆ ಮಾಡುತ್ತಾನೆ. ಅವನ ಕೈ ಇಳಿದಂತೆ ಆಂಡ್ರ್ಯೂ ನಿಧಾನವಾಗುತ್ತಾನೆ, ಕೈ ಏರಿದಂತೆ ವೇಗ ಹೆಚ್ಚಿಸುತ್ತಾನೆ. ಲಗಾಮು ಕೈ ಬದಲಾಯಿಸಿದ ಆ ಕ್ಷಣದ ಸಮಯ ಗುರುತು ಹಾಕಿಕೊಳ್ಳಿ. ಹುಡುಗ ಗೆದ್ದ ಎನ್ನುವವರು ಅದಕ್ಕೆ ಮುಂಚಿನ ನಿಮಿಷಗಳನ್ನೂ, ಗುರು ಗೆದ್ದ ಎನ್ನುವವರು ಅದರ ನಂತರದ್ದನ್ನೂ ನೆನಪಿಟ್ಟುಕೊಂಡಿರುತ್ತಾರೆ.

ಮೂರನೇ ಸಲ ಅವರಿಬ್ಬರನ್ನು ಬಿಟ್ಟು ಉಳಿದದ್ದನ್ನು ನೋಡಿ. ಅದಕ್ಕೆ ಆಮೇಲೆ ಬರೋಣ.

ಈಗ ಹಿಂದಕ್ಕೆ ಹೋಗಿ ಕೆಲವು ಎಳೆ ತರಬೇಕು. ಇದೆಲ್ಲ ಫ್ಲೆಚರ್ ಒಡ್ಡಿದ ಕೊನೆಯ ಪರೀಕ್ಷೆ ಎಂಬ ವ್ಯಾಖ್ಯಾನ ಬಹಳ ಓಡಾಡುತ್ತದೆ. ಚಿತ್ರವೇ ಅದಕ್ಕೆ ಅಡ್ಡ ನಿಲ್ಲುತ್ತದೆ. ನನ್ನ ಮೇಲೆ ದೂರು ಕೊಟ್ಟು ಕೆಲಸ ಕಳೆದವನು ನೀನೇ ಎಂದು ನನಗೆ ಗೊತ್ತು ಎಂದು ವೇದಿಕೆಯ ಮೇಲೆ ಹೇಳಿದ ಮೇಲೆಯೇ ಅವನು ಆಂಡ್ರ್ಯೂ ಬಳಿ ಸ್ವರಲಿಪಿಯೇ ಇಲ್ಲದ ಹಾಡನ್ನು ಎತ್ತಿಕೊಳ್ಳುತ್ತಾನೆ. ಅದು ಸೇಡು. ಹುಡುಗ ವಾಪಸ್ ಬರುತ್ತಾನೆ ಎಂಬ ಎಣಿಕೆ ಅವನಿಗೆ ಇದ್ದಂತೆ ಕಾಣುವುದಿಲ್ಲ. ಪರೀಕ್ಷೆ ಎಂಬ ಅರ್ಥ ಗೆದ್ದ ಮೇಲೆ ಹಚ್ಚಿದ ಬಣ್ಣ.

ಬಾರಿನ ದೃಶ್ಯವನ್ನೂ ಮತ್ತೆ ನೋಡಿ. ಅತಿಯಾಗಿ ನಡೆದುಕೊಂಡು ಮುಂದಿನ ಚಾರ್ಲಿ ಪಾರ್ಕರ್‌ನ (ಜಾಝ್‌ನ ದಿಗ್ಗಜ ಸ್ಯಾಕ್ಸೊಫೋನ್ ವಾದಕ) ಉತ್ಸಾಹವನ್ನೇ ಮುರಿದುಬಿಟ್ಟರೆ ಎಂದು ಆಂಡ್ರ್ಯೂ ಕೇಳಿದಾಗ, ನಿಜವಾದ ಪಾರ್ಕರ್ ಮುರಿಯುವುದೇ ಇಲ್ಲ ಎನ್ನುತ್ತಾನೆ ಫ್ಲೆಚರ್. ಈ ಮಾತಿನ ಕುತಂತ್ರ ಗಮನಿಸಿ: ಗೆದ್ದರೆ ವಿಧಾನ ಸರಿ, ಸೋತರೆ ಶಿಷ್ಯನಲ್ಲೇ ಸತ್ವವಿರಲಿಲ್ಲ. ಸುಳ್ಳು ಎಂದು ತೋರಿಸಲು ದಾರಿಯೇ ಇಲ್ಲದ ಸಿದ್ಧಾಂತವನ್ನು ಒಂದು ಗೆಲುವು ನಿಜ ಮಾಡಲಾರದು. ಸೋತವರ ಲೆಕ್ಕವೂ ಚಿತ್ರದಲ್ಲಿದೆ. ಶಾನ್ ಕೇಸಿ ಎಂಬ ಹಳೆಯ ಶಿಷ್ಯ ಕಾರು ಅಪಘಾತದಲ್ಲಿ ಸತ್ತ ಎಂದು ಫ್ಲೆಚರ್ ಕಣ್ಣೀರು ಹಾಕುತ್ತಾನೆ. ಅವನು ನೇಣು ಹಾಕಿಕೊಂಡಿದ್ದ ಎಂದು ಆಮೇಲೆ ತಿಳಿಯುತ್ತದೆ. ಎರಡನೇ ಕಾಲಂನಲ್ಲಿ ಈ ಹೆಸರು ಇಲ್ಲದಿದ್ದರೆ ನಿಮ್ಮ ಲೆಕ್ಕ ಅರ್ಧವಾಯಿತು.

ಸಿಂಬಲಿನ ಕಥೆಯದೂ ಹೀಗೇ. ಡ್ರಮ್ ವಾದಕ ಜೋ ಜೋನ್ಸ್ ಪಾರ್ಕರ್ ತಲೆಗೇ ಸಿಂಬಲ್ ಎಸೆದರು, ತಲೆ ಹಾರುವುದು ಸ್ವಲ್ಪದರಲ್ಲಿ ತಪ್ಪಿತು ಎಂದು ಫ್ಲೆಚರ್ ಹೇಳುತ್ತಾನೆ. 1936ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ನಡೆದದ್ದಾಗಿ ಸಂಗೀತಗಾರರು ಹೇಳುತ್ತ ಬಂದಿರುವ ಕಥೆಯಲ್ಲಿ ಸಿಂಬಲ್ ಬಿದ್ದದ್ದು ನೆಲಕ್ಕೆ, ಪಾರ್ಕರ್ ಕಾಲ ಬಳಿ. ನುಡಿಸುವುದು ನಿಲ್ಲಿಸು ಎಂಬ ಅವಮಾನದ ಸೂಚನೆ ಅದು. ಜೋನ್ಸ್ ಪಾರ್ಕರ್‌ಗೆ ಗುರುವೂ ಆಗಿರಲಿಲ್ಲ. ಆಮೇಲೆ ಪಾರ್ಕರ್ ಮನಸೋ ಇಚ್ಛೆ ಸಾಧನೆ ಮಾಡಿದ್ದು ನಿಜ, ಆದರೆ ಹಿಂದೆ ನಿಂತು ಯಾರೂ ಬಡಿಯುತ್ತಿರಲಿಲ್ಲ. ಪಾರ್ಕರ್ ತೀರಿಕೊಂಡಾಗ ವಯಸ್ಸು 34. ಊಟದ ಮೇಜಿನಲ್ಲಿ ಆಂಡ್ರ್ಯೂ ಹಾಗೇ ಸತ್ತರೂ ಪರವಾಗಿಲ್ಲ, ಜನ ನೆನಪಿಟ್ಟುಕೊಂಡರೆ ಸಾಕು ಎನ್ನುವಾಗ ಇದೇ ಅಂಕಿ ಅವನ ಬಾಯಲ್ಲಿ ಬರುತ್ತದೆ.

ನಿರ್ದೇಶಕರ ಮಾತನ್ನು ಕೊನೆಗೆ ಓದಿ, ಮೊದಲಿಗೆ ಬೇಡ. ತಾನೇ ಗೆದ್ದೆ ಎಂದು ಫ್ಲೆಚರ್ ಎಂದೆಂದೂ ನಂಬಿರುತ್ತಾನೆ, ಆಂಡ್ರ್ಯೂ ಒಳಗೆ ಖಾಲಿಯಾಗಿ ಮೂವತ್ತರ ಹರೆಯದಲ್ಲೇ ಮಾದಕ ವಸ್ತುವಿನಿಂದ ಸಾಯುತ್ತಾನೆ ಎಂಬ ಅರ್ಥದ ಮಾತನ್ನು ಶಜೆಲ್ ಸಂದರ್ಶನದಲ್ಲಿ ಹೇಳಿದ್ದಾರೆ. ಅದು ಪರದೆಯ ಮೇಲಿಲ್ಲ. ಅದನ್ನೂ ಒಂದು ಓದು ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಂಡರೆ ಸಾಕು.

ಇಷ್ಟಾದ ಮೇಲೆ ನಿಮ್ಮ ವ್ಯಾಖ್ಯಾನವನ್ನು ಒಂದೇ ವಾಕ್ಯದಲ್ಲಿ ಬರೆದು ನಾಲ್ಕು ಕಡೆ ತಿಕ್ಕಿ ನೋಡಿ. ಫ್ಲೆಚರ್ ಸಿಂಬಲ್ ಸರಿಮಾಡಿದ್ದೇಕೆ? ಅವನು ನಕ್ಕನೋ ಏನಾದರೂ ಅಂದನೋ ಎಂದು ತಿಳಿಯದಂತೆ ಬಾಯಿಯನ್ನು ಚೌಕಟ್ಟಿನ ಹೊರಗಿಟ್ಟದ್ದೇಕೆ? (‘ಭೇಷ್’ಗಿಂತ ಕೆಟ್ಟ ಮಾತಿಲ್ಲ ಎಂದವನು ಅದನ್ನೇ ಹೇಳಿದನೆಂದು ಪಣತೊಟ್ಟು ಹೇಳುವವರಿದ್ದಾರೆ, ಚಿತ್ರದಲ್ಲಿ ಅದಕ್ಕೆ ಆಧಾರವಿಲ್ಲ.) ಕೊನೆಯ ಪೆಟ್ಟಿಗೇ ಕತ್ತಲಾಗಿ, ಚಪ್ಪಾಳೆಯನ್ನು ನಮಗೆ ಕೇಳಿಸದೆ ಬಿಟ್ಟದ್ದೇಕೆ? ಯಾವುದಾದರೂ ಒಂದಕ್ಕೆ ನಿಮ್ಮ ವಾಕ್ಯ ಬಾಯಿ ಬಿಡದಿದ್ದರೆ ತಿದ್ದಿ ಬರೆಯಿರಿ. ‘ಇಬ್ಬರದೂ ಸರಿ’ ಎಂಬ ವಾಕ್ಯ ಮೂರಕ್ಕೂ ಬಾಯಿ ಬಿಡುವುದಿಲ್ಲ, ನೋಡಿ ಬೇಕಾದರೆ.

ನಾಲ್ಕನೆಯದು ಮೂರನೇ ಸಲ ನೋಡಿದಾಗ ಸಿಕ್ಕಿದ್ದು: ಬಾಗಿಲ ಸಂದಿಯಲ್ಲಿ ನಿಂತ ಅಪ್ಪ. ಆ ಶಾಟ್‌ನಲ್ಲಿ ನಿಲ್ಲಿಸಿ. ಮುಖದಲ್ಲಿ ಬೆರಗಿದೆಯೋ ಭಯವಿದೆಯೋ ಎಂದು ಒಂದೇ ಶಬ್ದದಲ್ಲಿ ಬರೆಯಿರಿ. ಆಮೇಲೆ ಕೆಲವು ನಿಮಿಷ ಹಿಂದೆ ಹೋಗಿ, ವೇದಿಕೆಯಿಂದ ಓಡಿಬಂದ ಮಗನನ್ನು ಅವನು ತಬ್ಬಿಕೊಳ್ಳುವುದನ್ನು ನೋಡಿ. ಆ ಅಪ್ಪುಗೆ ಬಿಡಿಸಿಕೊಂಡೇ ಆಂಡ್ರ್ಯೂ ತಿರುಗಿ ವೇದಿಕೆಗೆ ಹೋದದ್ದು. ಈಗ ಮೊದಲು ಬರೆದ ಶಬ್ದವನ್ನು ಹಾಗೇ ಬಿಡುತ್ತೀರೋ ಹೊಡೆದುಹಾಕುತ್ತೀರೋ ನೋಡಿ.