ಬೇಸಿಗೆ ರಜೆಗೆ ಮನೆಯೇ ಪ್ರಯೋಗಶಾಲೆ: ನೆರಳು, ಮಡಕೆ, ಸಂಡಿಗೆ, ಚೌಕಾಬಾರ

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಮಕ್ಕಳು ಮನೆಯಲ್ಲೇ ಇರುತ್ತಾರೆ. ಮುಂದಿನ ತರಗತಿಯ ಪುಸ್ತಕ ತಂದು ಮೊದಲ ಪಾಠದಿಂದ ಓದಿಸುವುದು ಹಲವು ಮನೆಗಳ ರೂಢಿ. ವಾರ ಕಳೆಯುವುದರೊಳಗೆ ಮಗುವಿಗೂ ಬೇಜಾರು, ಹೇಳಿಕೊಡುವವರಿಗೂ ಬೇಜಾರು. ಬಿಸಿಲು, ಮಾವಿನಹಣ್ಣು, ಮಾಳಿಗೆ ಮೇಲಿನ ಸಂಡಿಗೆ, ಬಿಡುವಾಗಿ ಸಿಗುವ ಅಜ್ಜ-ಅಜ್ಜಿ, ಇವೆಲ್ಲ ಒಟ್ಟಿಗೆ ಸಿಗುವುದು ಈ ಎರಡು ತಿಂಗಳು ಮಾತ್ರ. ಕಲಿಕೆಗೆ ಇವನ್ನೇ ಬಳಸಿಕೊಳ್ಳಿ. ಇಲ್ಲಿರುವ ಕೆಲಸಗಳು 7ರಿಂದ 12 ವರ್ಷದವರಿಗೆ ಹೊಂದುತ್ತವೆ. ಚಿಕ್ಕವರಿದ್ದರೆ ಅಳೆಯುವುದು ಅವರಿಗಿರಲಿ, ಬರೆಯುವುದನ್ನು ದೊಡ್ಡವರು ನೋಡಿಕೊಳ್ಳಲಿ.

ಬೇಕಾದ ಸಾಮಾನು ಕಡಿಮೆ: 100 ಪುಟದ ಒಂದು ನೋಟ್‌ಬುಕ್ಕು, ಸ್ಕೇಲು, ಟೇಪು, ಅಡುಗೆಮನೆಯ ಸಣ್ಣ ತಕ್ಕಡಿ, ಅಳತೆ ಗುರುತಿರುವ ಒಂದು ಲೋಟ. ನಿಯಮ ಒಂದೇ: ಮೊದಲು ಊಹೆ ಬರೆಯಬೇಕು, ಆಮೇಲೆ ಅಳೆಯಬೇಕು. ಊಹೆ ಬರೆಯದೆ ಅಳೆದರೆ ಸಿಗುವುದು ಬರೀ ಅಂಕಿ. ಊಹೆ ಬರೆದಿಟ್ಟ ಮಗು ಅಳತೆ ಮುಗಿಯುವವರೆಗೂ ಜಾಗ ಬಿಟ್ಟು ಕದಲುವುದಿಲ್ಲ, ತಪ್ಪಾದರೆ ಯಾಕೆ ಎಂದು ತಾನೇ ಕೇಳುತ್ತದೆ. ಆ ಪ್ರಶ್ನೆಗೆ ತಕ್ಷಣ ಉತ್ತರ ಕೊಡಬೇಡಿ. ಒಂದು ದಿನ ತಡೆಯಿರಿ.

ಹೊರಗಿನ ಕೆಲಸವೆಲ್ಲ ಬೆಳಿಗ್ಗೆ ಹತ್ತರೊಳಗೆ ಇಲ್ಲವೇ ಸಂಜೆ ಐದರ ಮೇಲೆ. ಮೊದಲನೆಯದಕ್ಕೆ ಮಾತ್ರ ನಡುಮಧ್ಯಾಹ್ನವೇ ಬೇಕು.

ನೆರಳು ಮಾಯವಾಗುವ ದಿನ

ಬೆಂಗಳೂರು, ಮಂಗಳೂರುಗಳಲ್ಲಿ ಏಪ್ರಿಲ್ 24ರ ಆಸುಪಾಸು ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟಗೆ ನಿಂತ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಉತ್ತರಕ್ಕೆ ಹೋದಂತೆ ಈ ದಿನ ಮುಂದಕ್ಕೆ ಸರಿಯುತ್ತದೆ: ಹುಬ್ಬಳ್ಳಿಗೆ ಮೇ ಮೊದಲ ವಾರದ ಆರಂಭ, ಕಲಬುರಗಿಗೆ ಮೇ 9-10ರ ಹೊತ್ತು, ಬೀದರಿಗೆ ಇನ್ನೂ ಒಂದೆರಡು ದಿನ ತಡ. ಆಗಸ್ಟಿನಲ್ಲಿ ಇದು ಇನ್ನೊಮ್ಮೆ ಬರುತ್ತದೆ, ಆದರೆ ಆಗ ಮೋಡದ ಕಾಟ. ದೆಹಲಿಯ ಮಕ್ಕಳಿಗೆ ಇದು ಎಂದಿಗೂ ಕಾಣಸಿಗದು, ಆ ಊರು ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿದೆ.

ಆ ಒಂದು ದಿನಕ್ಕೆ ಕಾಯದೆ ರಜೆ ಸಿಕ್ಕ ದಿನದಿಂದಲೇ ಶುರುಮಾಡಿ. 30 ಸೆಂ.ಮೀ. ಉದ್ದದ ನೆಟ್ಟಗಿನ ಕೋಲನ್ನು ಮಣ್ಣು ತುಂಬಿದ ಡಬ್ಬಿಯಲ್ಲಿ ಊರಿ, ಡಬ್ಬಿಯನ್ನು ಮಾಳಿಗೆಯ ಮೇಲೆ ಬಿಳಿ ಹಾಳೆಯ ನಡುವೆ ಇಡಿ. ಡಬ್ಬಿ ಕುಳ್ಳಗಿದ್ದು ಬಾಯಿ ಕಿರಿದಾಗಿರಲಿ, ಇಲ್ಲವಾದರೆ ಚಿಕ್ಕ ನೆರಳು ಅದರ ಬಾಯಿಯಲ್ಲೇ ಉಳಿದು ಅಳತೆಗೆ ಸಿಗುವುದಿಲ್ಲ. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ಕೋಲು ಓಲಿದೆಯೇ ನೋಡಿ. ಒಂದು ಡಿಗ್ರಿ ಓಲಿದರೂ ನೆರಳಿನಲ್ಲಿ ಅರ್ಧ ಸೆಂ.ಮೀ. ತಪ್ಪು ಬರುತ್ತದೆ. ಮಾಳಿಗೆಯಲ್ಲಿ ಮಳೆನೀರು ಹರಿಯಲು ಇಳಿಜಾರು ಬಿಟ್ಟಿರುತ್ತಾರೆ. ತಟ್ಟೆಯಲ್ಲಿ ನೀರು ಹಾಕಿಟ್ಟರೆ ಅದು ಗೊತ್ತಾಗುತ್ತದೆ, ತಗ್ಗಿರುವ ಕಡೆ ರಟ್ಟು ಕೊಟ್ಟು ಸಮ ಮಾಡಿ.

ಹನ್ನೆರಡರಿಂದ ಹನ್ನೆರಡೂ ಮುಕ್ಕಾಲಿನವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಚುಕ್ಕೆ ಇಡಬೇಕು. ತಲೆಗೆ ಟೋಪಿ ಇರಲಿ, ಚುಕ್ಕೆ ಇಟ್ಟು ಒಳಗೆ ಓಡಿಬರಲಿ, ಸೂರ್ಯನನ್ನು ನೇರ ನೋಡುವುದು ಬೇಡವೇ ಬೇಡ. ಎಲ್ಲಕ್ಕಿಂತ ಚಿಕ್ಕ ನೆರಳು ಹನ್ನೆರಡಕ್ಕೆ ಬೀಳುತ್ತದೆ ಎಂದು ಎಲ್ಲರೂ ಊಹಿಸುತ್ತಾರೆ. ಬೆಂಗಳೂರಿನಲ್ಲಿ ಅದು ಬೀಳುವುದು 12:17ರ ಸುಮಾರಿಗೆ, ಮಂಗಳೂರಿನಲ್ಲಿ 12:28ರ ಸುಮಾರಿಗೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಒಂದೊಂದು ಡಿಗ್ರಿಗೂ ಸೂರ್ಯ ನಾಲ್ಕು ನಿಮಿಷ ತಡ. ಊರಿನ ರೇಖಾಂಶ ನೋಡಿ ಈ ಗುಣಾಕಾರ ಮಾಡಲು ಐದನೇ ತರಗತಿಯವರಿಗೆ ಕಷ್ಟವಿಲ್ಲ. ಈ ದಿನಗಳಲ್ಲಿ ಲೆಕ್ಕಕ್ಕಿಂತ ಎರಡು ಮೂರು ನಿಮಿಷ ಮೊದಲೇ ನೆರಳು ಚಿಕ್ಕದಾದರೆ ಗಾಬರಿ ಬೇಡ, ಸೂರ್ಯನ ಗತಿ ವರ್ಷವಿಡೀ ಗಡಿಯಾರದಷ್ಟು ಸಮವಾಗಿರುವುದಿಲ್ಲ.

ಚಿಕ್ಕ ನೆರಳಿನ ಗೆರೆ ನೇರ ಉತ್ತರ-ದಕ್ಷಿಣ ತೋರಿಸುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 14ರಂದು ಈ ಕೋಲಿನ ನೆರಳು ಉತ್ತರಕ್ಕೆ ಸುಮಾರು 2 ಸೆಂ.ಮೀ. ಬೀಳುತ್ತದೆ, 24ರ ಹೊತ್ತಿಗೆ ಅಡಗುತ್ತದೆ, ಮೇ 20ಕ್ಕೆ ದಕ್ಷಿಣಕ್ಕೆ ಸುಮಾರು 4 ಸೆಂ.ಮೀ. ಚಾಚುತ್ತದೆ. ನೆರಳು ದಿಕ್ಕು ಬದಲಿಸಿದ್ದನ್ನು ತನ್ನದೇ ಹಾಳೆಯಲ್ಲಿ ಕಂಡ ಮಗುವಿಗೆ ಉತ್ತರಾಯಣ ಎಂದರೇನೆಂದು ಬೇರೆ ಹೇಳಿಕೊಡಬೇಕಿಲ್ಲ. ಬೇರೆ ಊರಲ್ಲಿ ದೊಡ್ಡಪ್ಪನ, ಅತ್ತೆಯ ಮಕ್ಕಳಿದ್ದರೆ ಅವರೂ ಅದೇ ದಿನ ಅಳೆಯಲಿ. ಎರಡು ನೆರಳುಗಳನ್ನು ಹೋಲಿಸಿದಾಗ ಅಕ್ಷಾಂಶ ಯಾಕೆ ಬೇಕೆಂಬುದು ಅರ್ಥವಾಗುತ್ತದೆ.

ಮಡಕೆಯ ನೀರು ಎಲ್ಲಿ ಹೋಯಿತು

ಹೊಸ ಮಡಕೆ ತಂದರೆ ಒಂದು ದಿನ ನೀರು ತುಂಬಿಟ್ಟು ಚೆಲ್ಲಿ, ಮಣ್ಣಿನ ವಾಸನೆ ಹೋಗಲಿ. ಆಮೇಲೆ ಮಡಕೆಗೆ 4 ಲೀಟರ್, ಸ್ಟೀಲ್ ಪಾತ್ರೆಗೆ 4 ಲೀಟರ್ ಅಳೆದು ಹಾಕಿ, ಎರಡಕ್ಕೂ ತಟ್ಟೆ ಮುಚ್ಚಿ, ಗಾಳಿಯಾಡುವ ಕಿಟಕಿಯ ಬಳಿ ನೆರಳಿನಲ್ಲಿಡಿ. ಅಡಿಯಲ್ಲಿ ಒಂದೊಂದು ತಟ್ಟೆಯೂ ಇರಲಿ. ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಮಡಕೆಯಲ್ಲಿ ಕಡಿಮೆಯಾಗಿರುತ್ತದೆ, ಸ್ಟೀಲಿನಲ್ಲಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. "ಸೋರಿದೆ" ಎನ್ನುತ್ತಾರೆ ಮಕ್ಕಳು. ಅಡಿತಟ್ಟೆಯಲ್ಲಿ ನಿಂತ ನೀರನ್ನೂ ಅಳೆದು ಲೆಕ್ಕಕ್ಕೆ ಹಿಡಿದರೂ ಪೂರ್ತಿ ಹೊಂದುವುದಿಲ್ಲ. ಉಳಿದದ್ದು ಮಡಕೆಯ ಸಣ್ಣ ರಂಧ್ರಗಳಲ್ಲಿ ಜಿನುಗಿ ಆವಿಯಾದ ನೀರು. ಆವಿಯಾಗುವಾಗ ಅದು ಶಾಖವನ್ನೂ ಒಯ್ಯುತ್ತದೆ, ಅದಕ್ಕೇ ಒಳಗಿನ ನೀರು ತಣ್ಣಗಾಗುತ್ತದೆ.

ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು, ಮೈಶಾಖದ ಆಸುಪಾಸಿನ ಅಳತೆ ಮಾತ್ರ ಅದರಲ್ಲಿರುತ್ತದೆ. ಕೈ ಅದ್ದಿ ನೋಡಿದರೆ ಸಾಕು. ಬಳ್ಳಾರಿ, ರಾಯಚೂರಿನ ಒಣಹವೆಯಲ್ಲಿ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ಹೆಚ್ಚಿರುವುದರಿಂದ ಆವಿಯಾಗುವುದು ನಿಧಾನ, ತಂಪೂ ಕಡಿಮೆ. ಮಂಗಳೂರಿನಲ್ಲಿ ಪ್ರಯೋಗ ಸಪ್ಪೆಯಾದರೆ ಅದು ಸೋಲಲ್ಲ, ಅದೇ ಉತ್ತರ. ಹೊರಮೈಗೆ ಬಣ್ಣ ಬಳಿದ ಮಡಕೆ ತರಬೇಡಿ, ರಂಧ್ರ ಮುಚ್ಚಿಹೋಗಿರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಹಳೆಯ ಮಡಕೆಯ ಮೈ ಉಪ್ಪು ಕಟ್ಟಿದ್ದರೆ ತೆಂಗಿನ ನಾರಿನಿಂದ ಉಜ್ಜಿ. ಸೋಪು ಬೇಡ, ಮಣ್ಣು ಅದನ್ನು ಹೀರಿಕೊಳ್ಳುತ್ತದೆ.

ಸಬ್ಬಕ್ಕಿ ಸಂಡಿಗೆ, ತಕ್ಕಡಿ ಜೊತೆ

ಒಂದು ಲೋಟ ಸಬ್ಬಕ್ಕಿಯನ್ನು ಎರಡು ಲೋಟ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ನಾಲ್ಕು ಲೋಟ ನೀರು ಕುದಿಸಿ, ನೆನೆದ ಸಬ್ಬಕ್ಕಿ ಹಾಕಿ, ಸಣ್ಣ ಉರಿಯಲ್ಲಿ ತಳ ಹತ್ತದಂತೆ ಕೈಯಾಡಿಸುತ್ತ ಕಾಳು ಗಾಜಿನಂತೆ ಆಗುವವರೆಗೆ ಬೇಯಿಸಿ. ಎರಡು ಮೂರು ಹಸಿಮೆಣಸಿನಕಾಯಿ ರುಬ್ಬಿದ್ದು, ಒಂದು ಚಮಚ ಜೀರಿಗೆ, ಮುಕ್ಕಾಲು ಚಮಚ ಉಪ್ಪು, ಆರಿದ ಮೇಲೆ ಅರ್ಧ ನಿಂಬೆಹಣ್ಣಿನ ರಸ. ಒಲೆಯ ಕೆಲಸ ದೊಡ್ಡವರದು. ಮಗು ಗಂಜಿಯ ರುಚಿ ನೋಡಿ "ಉಪ್ಪು ಸಾಲದು" ಎನ್ನುತ್ತದೆ. ಹಾಕಬೇಡಿ. ಒಣಗಿದಾಗ ನೀರು ಹೋಗುತ್ತದೆ, ಉಪ್ಪು ಪೂರ್ತಿ ಉಳಿಯುತ್ತದೆ. ಬೇಕಿದ್ದರೆ ಒಂದು ಸೌಟು ಗಂಜಿಗೆ ಮಾತ್ರ ಮಗು ಹೇಳಿದಷ್ಟು ಉಪ್ಪು ಹಾಕಿ, ಬೇರೆ ಸಾಲಿನಲ್ಲಿ ಇಟ್ಟು, ಕರಿದ ಮೇಲೆ ಅದಕ್ಕೇ ತಿನ್ನಲು ಕೊಡಿ.

ಎಂಟು ಗಂಟೆಯೊಳಗೆ ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಚಮಚದಲ್ಲಿ ಇಡಬೇಕು, ಒಂದೊಂದೂ 5 ಸೆಂ.ಮೀ. ಅಗಲ. ಇಟ್ಟದ್ದು ಹರಿದರೆ ಗಂಜಿ ತೆಳು, ಇನ್ನಷ್ಟು ಬೇಯಲಿ. ಬಟ್ಟೆಯ ಮೇಲೆ ಇಟ್ಟರೆ ಒಣಗಿದ ಮೇಲೆ ಹಿಂದಿನಿಂದ ನೀರು ಚಿಮುಕಿಸಿ ಬಿಡಿಸಬೇಕಾಗುತ್ತದೆ.

ಇನ್ನು ಕಲಿಕೆಯ ಭಾಗ. ಸಂಜೆ ಹಾಳೆಯಿಂದ ಎಬ್ಬಿಸಿದ ಸಂಡಿಗೆಗಳಲ್ಲಿ ಹತ್ತನ್ನು ಬೇರೆ ತಟ್ಟೆಗೆ ತೆಗೆದು ತೂಗಿ ಬರೆದಿಡಲಿ. ಮರುದಿನ ತಿರುವಿ ಹಾಕಿ ಒಣಗಿಸಿ, ಸಂಜೆ ಅದೇ ಹತ್ತನ್ನು ಅದೇ ತಕ್ಕಡಿಯಲ್ಲಿ ತೂಗಲಿ. ಗ್ರಾಫ್ ಹಾಳೆಯಲ್ಲಿ ದಿನಕ್ಕೊಂದು ಚುಕ್ಕೆ. ಎರಡು ಸಂಜೆಯ ತೂಕ ಒಂದೇ ಬಂದರೆ ಒಣಗಿದೆ ಎಂದರ್ಥ, ಒಳ್ಳೆಯ ಬಿಸಿಲಿಗೆ ಎರಡು ಮೂರು ದಿನ ಸಾಕು. ಅಜ್ಜಿ ಮುರಿದು "ಪಟ್" ಶಬ್ದ ಕೇಳಿ ಇದನ್ನೇ ಹೇಳುತ್ತಾರೆ. ಅಜ್ಜಿಯ ಕಿವಿ, ಮಗುವಿನ ತಕ್ಕಡಿ ಎರಡೂ ಒಂದೇ ದಿನ ಹೂಂ ಎಂದಾಗ ಮನೆಗೆಲ್ಲ ಖುಷಿ. ಕರಿಯುವಾಗ ಮುಂಚೆ, ಆಮೇಲೆ ಅಗಲ ಅಳೆಯಲಿ. ಅರಳುವುದು ಒಳಗೆ ಉಳಿದ ಚೂರು ತೇವ ಬಿಸಿ ಎಣ್ಣೆಯಲ್ಲಿ ಒಮ್ಮೆಲೇ ಆವಿಯಾಗಿ ಉಬ್ಬಿಸುವುದರಿಂದ. ನಡುವೆ ಗಟ್ಟಿ ಉಳಿದರೆ ಎಣ್ಣೆ ಕಾದಿರಲಿಲ್ಲ, ಇಲ್ಲವೇ ಸರಿಯಾಗಿ ಒಣಗಿರಲಿಲ್ಲ.

ಕಾಗೆ ಕಾಯುವ ಕೆಲಸ ಮಗುವಿನದು. ಕಂಬದ ನೆರಳಿನಲ್ಲಿ ಕುಳಿತು, ಕೈಯಲ್ಲೊಂದು ಕಥೆಪುಸ್ತಕ. ಓದು ಎಂದು ಹೇಳದೆಯೇ ಓದಿಸುವ ಒಳ್ಳೆಯ ಉಪಾಯ ಇದು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕ ಕೇಳಿ. ಮೊಬೈಲಿನಲ್ಲೇ ಓದುವುದಾದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ, ಓದಿನ ಮಟ್ಟದ ಪ್ರಕಾರ ವಿಂಗಡಿಸಿ ಸಿಗುತ್ತವೆ.

ಒಂದು ಹಿಡಿ ಎಂದರೆ ಎಷ್ಟು

ಇದು ಅರ್ಧ ಗಂಟೆಯ ಕೆಲಸ. ಒಂದು ಪಾವು ಅಕ್ಕಿ, ಒಂದು ಪಾವು ರಾಗಿ ಹಿಟ್ಟು, ಒಂದು ಪಾವು ಮಂಡಕ್ಕಿ ತೂಗಿಸಿ. ಪಾವು ಒಂದೇ, ತೂಕ ಮೂರು. ಅಜ್ಜಿಯ "ಒಂದು ಹಿಡಿ" ಹುರಿಗಡಲೆಯನ್ನು ಐದು ಸಲ ತೂಗಿ ಸರಾಸರಿ ತೆಗೆಯಲಿ, ತನ್ನ ಹಿಡಿಯನ್ನೂ ತೂಗಲಿ. ಹಾಗೆ ಅಳೆದು ಅಜ್ಜಿಯ ಒಂದು ಅಡುಗೆಯನ್ನು ಕನ್ನಡದಲ್ಲಿ ಪೂರ್ತಿ ಬರೆದರೆ ಭಾಷೆಯ ಅಭ್ಯಾಸವೂ ಆಯಿತು, ಗ್ರಾಮಿನ ಲೆಕ್ಕವೂ ಆಯಿತು. ಹೊರದೇಶದಲ್ಲಿರುವ ಮಕ್ಕಳು ವಿಡಿಯೊ ಕರೆಯಲ್ಲಿ ಕೇಳಿ ಬರೆದುಕೊಳ್ಳಬಹುದು.

ಚೌಕಾಬಾರದ ಲೆಕ್ಕ

ಮಧ್ಯಾಹ್ನ ಊಟವಾದ ಮೇಲಿನ ಆಟ. ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಬರೆದು, ನಾಲ್ಕು ಬದಿಯ ನಡುಮನೆಗೂ ಒಳಗಿನ ನಟ್ಟನಡುವಿನ ಮನೆಗೂ ಕತ್ತರಿ ಗುರುತು ಹಾಕಿ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಒಂದು. ಕವಡೆ ಇಲ್ಲದಿದ್ದರೆ ಒಂದೇ ಗಾತ್ರದ ನಾಲ್ಕು ಹುಣಸೆ ಬೀಜವನ್ನು ಒರಟು ಕಲ್ಲಿನ ಮೇಲೆ ಒಂದು ಬದಿ ಬೆಳ್ಳಗಾಗುವವರೆಗೆ ತೇಯ್ದುಕೊಳ್ಳಿ. ಬಿಳಿ ಮೇಲಾಗಿ ಬಿದ್ದಷ್ಟು ಮನೆ ನಡೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ಒಂದೂ ಬೀಳದಿದ್ದರೆ ಬಾರ, ಎಂಟು ಮನೆ. ಈ ಎರಡಕ್ಕೂ ಇನ್ನೊಂದು ಸಲ ಎಸೆಯುವ ಹಕ್ಕು. ಉಳಿದ ನಿಯಮ ಮನೆಮನೆಗೆ ಬೇರೆ, ನಿಮ್ಮ ಮನೆಯದ್ದೇ ಇರಲಿ, ಆಟಕ್ಕೆ ಮೊದಲು ಬರೆದು ಗೋಡೆಗೆ ಅಂಟಿಸಿ. ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಒಂದು ದಿನ ಕಾಯಿ ನಡೆಸದೆ ಬರೀ ಎಸೆಯಿರಿ. ಮೊದಲು ನಾಲ್ಕು ಒಂದು ರೂಪಾಯಿ ನಾಣ್ಯಗಳನ್ನು 64 ಸಲ ಎಸೆದು, ಎಷ್ಟು ತಲೆ ಬಿತ್ತು ಎಂದು ಗೆರೆ ಹಾಕಿ ಲೆಕ್ಕ ಇಡಲಿ. ನಾಲ್ಕು ನಾಣ್ಯ ಬೀಳುವ ಬಗೆ ಒಟ್ಟು 16. ಅದರಲ್ಲಿ ಸೊನ್ನೆ ತಲೆಗೆ 1, ಒಂದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ನಾಲ್ಕಕ್ಕೆ 1. ಹಾಗಾಗಿ 64 ಎಸೆತಕ್ಕೆ 4, 16, 24, 16, 4ರ ಹತ್ತಿರ ಬರಬೇಕು. ಸರಿಯಾಗಿ ಅಷ್ಟೇ ಬರುವುದು ಅಪರೂಪ, ಆ ಮಾತನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮಗು ಅಂಕಿ ತಿದ್ದುತ್ತದೆ. ಚೌಕ, ಬಾರಕ್ಕೆ ಹೆಚ್ಚಿನ ಎಸೆತ ಯಾಕೆ ಕೊಟ್ಟರು ಎಂಬುದಕ್ಕೆ ಕಾರಣ ಈ ಗೆರೆಗಳಲ್ಲೇ ಇದೆ: ಎಲ್ಲಕ್ಕಿಂತ ಅಪರೂಪವಾಗಿ ಬೀಳುವುದು ಅವೆರಡೇ.

ಆಮೇಲೆ ಹುಣಸೆ ಬೀಜದಲ್ಲಿ 64 ಎಸೆತ. ಒಂದು ಬದಿ ಚಪ್ಪಟೆ, ಇನ್ನೊಂದು ಉಬ್ಬು ಇರುವುದರಿಂದ ಲೆಕ್ಕ ನಾಣ್ಯದ್ದಕ್ಕಿಂತ ಬೇರೆಯಾಗಬಹುದು. ಈ ಪಟ್ಟಿ ಕೈಗೆ ಬಂದ ಮೇಲೆ ಆಟವೇ ಬದಲಾಗುತ್ತದೆ. ಎದುರಾಳಿಗಿಂತ ಎರಡು ಮನೆ ಮುಂದೆ ನಿಂತರೆ ಕಡಿಸಿಕೊಳ್ಳುವ ಅಪಾಯ ಹೆಚ್ಚು. ಐದು ಮನೆ ಮುಂದಿದ್ದರೆ ಅವರಿಗೆ ಚೌಕ ಬಿದ್ದು ಮತ್ತೆ ಒಂದೂ ಬೀಳಬೇಕು. ಇದನ್ನು ಮಗುವೇ ಕಂಡುಕೊಳ್ಳಲಿ, ಸೋತರೂ ಸರಿ, ನೀವು ಹೇಳಬೇಡಿ.

ಅಳಗುಳಿ ಮಣೆಯೂ ಎಣಿಕೆಗೆ ಒಳ್ಳೆಯದೇ. ಗುಂಡಿಗೆ ಹಾಕಲು ಗುಲಗಂಜಿ ಮಾತ್ರ ಬೇಡ, ಆ ಬೀಜ ವಿಷ. ಬಾಯಿಗೆ ಹಾಕುವ ಮಕ್ಕಳಿರುವ ಮನೆಯಲ್ಲಿ ಹುಣಸೆ ಬೀಜವನ್ನೂ ಎಣಿಸಿ ಎತ್ತಿಡಿ.

ವಾಟೆಯಿಂದ ಗಿಡ

ಮಾವಿನಹಣ್ಣು ತಿಂದು ವಾಟೆ ತೊಳೆದು ಒಂದು ದಿನ ನೆರಳಿನಲ್ಲಿ ಆರಲಿ. ಅಂಚನ್ನು ದೊಡ್ಡವರು ಕತ್ತರಿಯಿಂದ ಬಿಡಿಸಿ ಒಳಗಿನ ಬೀಜ ತೆಗೆದುಕೊಡಿ. ಬೀಜದಲ್ಲಿ ತೂತಿದ್ದರೆ ಹುಳು ತಿಂದಿದೆ, ಬಿಸಾಡಿ. ಉಬ್ಬಿನ ಕಡೆ ಮೇಲಾಗಿ, ಎರಡು ಮೂರು ಸೆಂ.ಮೀ. ಆಳದಲ್ಲಿ, ತಳಕ್ಕೆ ತೂತಿರುವ ಡಬ್ಬಿಯ ಮಣ್ಣಿನಲ್ಲಿ ಊರಿ ನೆರಳಿನಲ್ಲಿಡಿ. ಮಾವಿನ ಬೀಜ ಒಣಗಿದರೆ ಸಾಯುತ್ತದೆ, ರಜೆ ಮುಗಿಯಲಿ ಎಂದು ಎತ್ತಿಟ್ಟರೆ ಹುಟ್ಟುವುದಿಲ್ಲ. ಎರಡು ಮೂರು ವಾರಕ್ಕೆ ಮೊಳಕೆ ಮೇಲೆ ಬರುತ್ತದೆ, ನೀರು ನಿಂತರೆ ಮಾತ್ರ ಕೊಳೆಯುತ್ತದೆ.

ಬಾದಾಮಿ, ರಸಪುರಿ, ತೋತಾಪುರಿ ವಾಟೆಯಲ್ಲಿ ಸಾಮಾನ್ಯವಾಗಿ ಒಂದೇ ಸಸಿ. ಓಲೂರು, ಬಪ್ಪಕಾಯಿಯಂಥ ಕರಾವಳಿಯ ಕೆಲವು ತಳಿಗಳಲ್ಲಿ ಒಂದೇ ಬೀಜದಿಂದ ಎರಡು ಮೂರು ಸಸಿ ಏಳುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚು. ಬಾದಾಮಿ ವಾಟೆಯಿಂದ ಬಂದ ಗಿಡ ಬಾದಾಮಿಯನ್ನೇ ಕೊಡುತ್ತದೆ ಎಂಬ ಖಾತ್ರಿ ಇಲ್ಲ, ಅದಕ್ಕೇ ನರ್ಸರಿಯವರು ಕಸಿ ಕಟ್ಟುವುದು. ಬೇರೆ ಬೇರೆ ಹಣ್ಣಿನ ನಾಲ್ಕೈದು ವಾಟೆ ಹಾಕಿ, ಡಬ್ಬಿಗೆ ಹೆಸರು, ತಾರೀಕು ಬರೆದಂಟಿಸಿ. ವಾರಕ್ಕೊಮ್ಮೆ ಎತ್ತರ ಅಳೆಯಲಿ, ಚಿಗುರಿನ ತಾಮ್ರಬಣ್ಣ ಹಸಿರಿಗೆ ತಿರುಗಿದ ದಿನ ಗುರುತಿಸಲಿ. ಶಾಲೆ ಶುರುವಾಗುವ ಹೊತ್ತಿಗೆ ಸಸಿ ಗೇಣುದ್ದ ಆಗಿದ್ದರೂ ಕೂಡಲೇ ನೆಲಕ್ಕೆ ಹಾಕಬೇಡಿ. ಜೂನಿನಲ್ಲಿ ಮಳೆ ಚೆನ್ನಾಗಿ ಹಿಡಿದು ಮಣ್ಣು ತಣಿದ ಮೇಲೆ, ಬೇರಿನ ಮಣ್ಣು ಒಡೆಯದಂತೆ ಡಬ್ಬಿ ಸೀಳಿ, ಸಂಜೆ ಹೊತ್ತು ನೆಡಿ.