ಓರೆ ಅಕ್ಷರ ಯಾವುದಕ್ಕೆ, ಕೋಟ್ಸ್ ಯಾವುದಕ್ಕೆ

ಹಾಸನದ ಬಿ.ಎಂ. ರಸ್ತೆ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಟೈಪಿಂಗ್, ಜೆರಾಕ್ಸ್, ಬೈಂಡಿಂಗ್ ಎಲ್ಲ ಇದೆ. ಕಾಲೇಜು ಮಕ್ಕಳು ಇಂಗ್ಲಿಷ್ ಪ್ರಾಜೆಕ್ಟ್ ರಿಪೋರ್ಟ್ ತರುತ್ತಾರೆ. ಸ್ಪೆಲಿಂಗ್ ತಪ್ಪಿದ್ದರೆ ಕಂಪ್ಯೂಟರೇ ಕೆಂಪು ಗೆರೆ ಎಳೆಯುತ್ತದೆ. ಇಟಾಲಿಕ್ (ಓರೆ ಅಕ್ಷರ), ಕೋಟ್ಸ್ (ಉದ್ಧರಣ ಚಿಹ್ನೆ) ತಪ್ಪಿದರೆ ಅದು ತೆಪ್ಪಗಿರುತ್ತದೆ. ಪ್ರಾಜೆಕ್ಟ್ ನೋಡುವ ಗೈಡ್ ತಪ್ಪಿಗೆ ಸುತ್ತು ಹಾಕಿ ವಾಪಸ್ ಕಳಿಸುವುದು ಅಲ್ಲೇ. ಕೌಂಟರ್ ಮುಂದೆ ನಿಂತವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಇಡೀ ಕೃತಿಯೋ, ಅದರೊಳಗಿನ ತುಂಡೋ? ಪುಸ್ತಕ, ಸಿನಿಮಾ, ಪತ್ರಿಕೆಯ ಹೆಸರಾದರೆ ಇಟಾಲಿಕ್. ಕಥೆ, ಪದ್ಯ, ಲೇಖನ, ಅಧ್ಯಾಯ, ಹಾಡು ಆದರೆ ಕೋಟ್ಸ್. ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮೂರಿನ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು. ಪುಸ್ತಕದ ಹೆಸರೂ ಅದೇ, ಅದರ 12 ಕಥೆಗಳಲ್ಲಿ ಒಂದರ ಹೆಸರೂ ಅದೇ. ಇಂಗ್ಲಿಷಿನಲ್ಲಿ ಪುಸ್ತಕದ ಬಗ್ಗೆ ಬರೆಯುವಾಗ ಓರೆ ಅಕ್ಷರ. ಆ ಒಂದು ಕಥೆಯ ಬಗ್ಗೆ ಬರೆಯುವಾಗ ನೇರ ಅಕ್ಷರ, ಸುತ್ತ ಕೋಟ್ಸ್. ಯಾವುದರ ಮಾತು ಅಂತ ಓದುವವರಿಗೆ ಗೊತ್ತಾಗುವುದು ಇದರಿಂದಲೇ.

ನಮ್ಮವರು ಎರಡನ್ನೂ ಒಟ್ಟಿಗೆ ಹಾಕುವುದು ಜಾಸ್ತಿ. ಕನ್ನಡದಲ್ಲಿ ಪುಸ್ತಕದ ಹೆಸರಿಗೂ ಕೋಟ್ಸ್ ಹಾಕಿ ಅಭ್ಯಾಸ ಅಲ್ವಾ. ಮೇಲೆ ನಾನೂ ಹಾಕಿದ್ದೇನೆ ನೋಡಿ, ಕನ್ನಡಕ್ಕೆ ಅದು ಸರಿ. ಇಂಗ್ಲಿಷಿಗೆ ಬಂದಾಗ ಒಂದನ್ನು ಬಿಡಬೇಕು. ಬೈಬಲ್, ಕುರಾನ್ ಹೆಸರುಗಳಿಗೆ ಸಾಮಾನ್ಯವಾಗಿ ಎರಡೂ ಬೇಡ. ಕೈಯಲ್ಲಿ ಬರೆಯುವಾಗ ಇಟಾಲಿಕ್ ಬದಲು ಅಡಿಗೆರೆ ಎಳೆದರೆ ಸಾಕು.

ಸಕಲೇಶಪುರ ಕಡೆಯ ಮಕ್ಕಳು ಕಾಫಿ ಮೇಲೆ ರಿಪೋರ್ಟ್ ತಂದರೆ ಬೇರೆ ಕೆಲಸ ಶುರು. ವೈಜ್ಞಾನಿಕ ಹೆಸರು ಯಾವಾಗಲೂ ಓರೆ. ಕಾಫಿಯಾ ಅರೇಬಿಕಾದಲ್ಲಿ ಮೊದಲ ಪದಕ್ಕೆ ದೊಡ್ಡ ಸಿ, ಎರಡನೆಯದಕ್ಕೆ ಚಿಕ್ಕ ಎ. ಮತ್ತೆ ಬಂದಾಗ ಸಿ ಅಕ್ಷರ, ಒಂದು ಚುಕ್ಕೆ, ಆಮೇಲೆ ಅರೇಬಿಕಾ ಸಾಕು. ಕಾಂಡಕೊರಕ ಹುಳದ ಕ್ಸೈಲೊಟ್ರೆಕಸ್ ಕ್ವಾಡ್ರಿಪೆಸ್‌ಗೂ ಇದೇ ನಿಯಮ. ತಳಿಯ ಹೆಸರು ಮಾತ್ರ ಬೇರೆ. ‘ಚಂದ್ರಗಿರಿ’ ಅಂತ ವೈಜ್ಞಾನಿಕ ಹೆಸರಿನ ಪಕ್ಕ ಬರೆದರೆ ಅದು ನೇರ ಅಕ್ಷರ, ಒಂಟಿ ಕೋಟ್ಸ್ ಒಳಗೆ. ಹೆಡಿಂಗ್ ಪೂರ್ತಿ ಇಟಾಲಿಕ್ ಆಗಿದ್ದರೆ ವೈಜ್ಞಾನಿಕ ಹೆಸರನ್ನು ನೇರ ಮಾಡಿ. ಉಳಿದದ್ದಕ್ಕಿಂತ ಬೇರೆ ಕಾಣಬೇಕು, ಅಷ್ಟೆ.

ಕನ್ನಡ ಪದಗಳ ವಿಷಯದಲ್ಲಿ ಜಗಳವಿದೆ. ಪರಭಾಷೆಯ ಪದಕ್ಕೆ ಇಟಾಲಿಕ್ ಅನ್ನುವುದು ಹಳೇ ಪದ್ಧತಿ. ದೋಸೆ, ಸೀರೆ ಇಂಗ್ಲಿಷ್ ಡಿಕ್ಷನರಿ ಸೇರಿ ಎಷ್ಟೋ ಕಾಲವಾಯಿತು, ಅವಕ್ಕೆ ಬೇಡ. ‘ಹಾರ್ಟ್ ಲ್ಯಾಂಪ್’ ಅನುವಾದಿಸಿದ ದೀಪಾ ಭಾಸ್ತಿ ಕನ್ನಡ ಪದಗಳನ್ನು ಬೇಕೆಂದೇ ಓರೆ ಮಾಡಲಿಲ್ಲ. ಅವರ ನಿಲುವು ನನಗೆ ಇಷ್ಟ. ಆದರೆ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಗೈಡ್ ಹೇಳಿದಂತೆ ಮಾಡಿ, ಸುಮ್ನೆ ಯಾಕೆ ರಗಳೆ.

ಇನ್ನು ಕೋಟ್ಸ್. ಅಮೆರಿಕದಲ್ಲಿ ಹೊರಗೆ ಜೋಡಿ, ಒಳಗಿನ ಮಾತಿಗೆ ಒಂಟಿ. ಬ್ರಿಟಿಷ್ ಪುಸ್ತಕಗಳಲ್ಲಿ ಹೆಚ್ಚಾಗಿ ಉಲ್ಟಾ. ಕಾಮಾ, ಫುಲ್‌ಸ್ಟಾಪ್ ಅಮೆರಿಕದಲ್ಲಿ ಯಾವಾಗಲೂ ಕೋಟ್ಸ್ ಒಳಗೆ. ಬ್ರಿಟಿಷ್ ಪದ್ಧತಿಯಲ್ಲಿ ಅದು ಉದ್ಧರಿಸಿದ ಮಾತಿಗೆ ಸೇರಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಪ್ರಶ್ನೆ ಚಿಹ್ನೆಗೆ ಎರಡೂ ಕಡೆ ಅರ್ಥವೇ ಆಧಾರ: ಪ್ರಶ್ನೆ ಕೇಳಿದ್ದು ಅವರಾದರೆ ಒಳಗೆ, ನೀವಾದರೆ ಹೊರಗೆ. ಒಂದು ಪದ್ಧತಿ ಹಿಡಿದರೆ ಕೊನೇ ಪುಟದವರೆಗೂ ಅದೇ ಇರಲಿ. ಎಪಿಎ (ಅಮೆರಿಕದ ಮನಶ್ಶಾಸ್ತ್ರ ಸಂಘದ ಬರವಣಿಗೆ ನಿಯಮ) ಶೈಲಿಯಲ್ಲಿ 40 ಪದ ಅಥವಾ ಅದಕ್ಕಿಂತ ಉದ್ದದ ಉದ್ಧರಣೆಯನ್ನು ಬೇರೆ ಪ್ಯಾರಾ ಮಾಡಿ, ಎಡಗಡೆಯಿಂದ ಒಳಕ್ಕೆ ಸರಿಸುತ್ತಾರೆ. ಅದಕ್ಕೆ ಕೋಟ್ಸ್ ಬೇಡ.

ಒತ್ತಿ ಹೇಳಬೇಕೆಂದು ಕೋಟ್ಸ್ ಹಾಕಲೇಬೇಡಿ. ಬೋರ್ಡಿನಲ್ಲಿ “ಪ್ಯೂರ್” ಕಾಫಿ ಪೌಡರ್ ಅಂತ ಇಂಗ್ಲಿಷಿನಲ್ಲಿ ಬರೆಸಿದರೆ, ಪ್ಯೂರ್ ಅನ್ನುವುದು ಬರೀ ಬಾಯಿಮಾತು ಅಂತ ಅರ್ಥ ಬರುತ್ತದೆ. ಅಂಥ ಬೋರ್ಡ್ ಮಾಡಿಸಲು ಬಂದ ಗಿರಾಕಿಗಳಿಗೆ ಹೇಳಿ ತೆಗೆಸಿದ್ದೇನೆ. ಒತ್ತು ಬೇಕಿದ್ದರೆ ಒಂದು ಪದವನ್ನು ಇಟಾಲಿಕ್ ಮಾಡಿ, ಅದೂ ಅಪರೂಪಕ್ಕೆ.

ಪೆನ್‌ಡ್ರೈವ್ ತರುವ ಮೊದಲು ಇಷ್ಟು ಮಾಡಿ. ಬೇರೆ ಬೇರೆ ಕಡೆಯಿಂದ ಕಾಪಿ ಮಾಡಿದ್ದರೆ ಕೆಲವು ಕೋಟ್ಸ್ ನೆಟ್ಟಗೆ, ಕೆಲವು ಬಾಗಿ ಇರುತ್ತವೆ. ವರ್ಡ್‌ನಲ್ಲಿ ಸ್ಮಾರ್ಟ್ ಕೋಟ್ಸ್ ಆನ್ ಮಾಡಿ, ಫೈಂಡ್ ಮತ್ತು ರಿಪ್ಲೇಸ್ ಎರಡರಲ್ಲೂ ಅದೇ ಜೋಡಿ ಚಿಹ್ನೆ ಒತ್ತಿ, ರಿಪ್ಲೇಸ್ ಆಲ್ ಕೊಡಿ. ಎಲ್ಲವೂ ಬಾಗಿದ ಕೋಟ್ಸ್ ಆಗುತ್ತವೆ. ಒಂಟಿ ಚಿಹ್ನೆಗೂ ಇನ್ನೊಮ್ಮೆ ಹಾಗೇ ಮಾಡಿ.