ಮಕ್ಕಳಿಗೆ ಥ್ರಿಲ್ಲರ್ ಚಿತ್ರ ತೋರಿಸುವ ಮುನ್ನ

ಮಳೆಗಾಲದ ರಜೆಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗಳಲ್ಲಿ ಮಕ್ಕಳು ದೊಡ್ಡವರ ಜೊತೆಯಲ್ಲೇ ಕುಳಿತು ಚಿತ್ರ ನೋಡುವುದರಿಂದ, ಪೋಷಕರ ಗಮನಕ್ಕೆ ಈ ಸಲಹೆ. 2024ರ ನಿಯಮಗಳ ಪ್ರಕಾರ ಸೆನ್ಸಾರ್ ಮಂಡಳಿಯ ಯುಎ ಪ್ರಮಾಣಪತ್ರ ಈಗ 7+, 13+, 16+ ಎಂದು ಮೂರು ಬಗೆಯಾಗಿದ್ದು, ಇವು ಪೋಷಕರಿಗೆ ನೀಡುವ ಸೂಚನೆಯಷ್ಟೇ. ಮಾನಸಿಕ ಥ್ರಿಲ್ಲರ್‌ಗಳ ವಿಷಯದಲ್ಲಂತೂ ವಯಸ್ಸಿನ ಅಂಕಿಯೊಂದೇ ಸಾಲದು. ಒಂದು ಹನಿ ರಕ್ತ ಕಾಣಿಸದಿದ್ದರೂ, ನಂಬಿದ ತಾಯಿಯೋ ತಂದೆಯೋ ಕೊನೆಗೆ ಕೇಡಿಗರೆಂದು ತೋರಿಸುವ ಕಥೆ ಹತ್ತು ವರ್ಷದ ಮಗುವನ್ನು ಕೊಲೆಯ ದೃಶ್ಯಕ್ಕಿಂತ ಹೆಚ್ಚು ಕಾಡಬಲ್ಲದು. ಒಂಟಿ ಮನೆಯ ಕಿಟಕಿಯಾಚೆ ಯಾರೋ ನಿಂತಿರುವುದನ್ನು ಪರದೆಯ ಮೇಲೆ ಕಂಡ ಮಗು, ಸುತ್ತ ಅಡಿಕೆ ತೋಟವಿರುವ, ಕರೆಂಟು ಹೋದರೆ ಗವ್ವೆನ್ನುವ ಮನೆಯಲ್ಲೇ ಆ ರಾತ್ರಿ ಮಲಗಬೇಕೆಂಬುದನ್ನು ದಯವಿಟ್ಟು ಮರೆಯಬಾರದು.

ಆದ್ದರಿಂದ ಟ್ರೇಲರನ್ನು ನೆಚ್ಚದೆ, ಒಟಿಟಿಯಲ್ಲಿ ವಯಸ್ಸಿನ ಗುರುತಿನ ಜೊತೆಗೆ ಕೊಡುವ ಹಿಂಸೆ, ಆತ್ಮಹತ್ಯೆ ಮುಂತಾದ ಎಚ್ಚರಿಕೆಗಳನ್ನು ಓದಿ, ಚಿತ್ರದ ಕೊನೆಯ ಅರ್ಧ ಗಂಟೆಯನ್ನು ಮೊದಲು ನೀವೇ ನೋಡಿ. ರಹಸ್ಯ ಬಯಲಾದರೂ ಚಿಂತೆಯಿಲ್ಲ, ಇಂಥ ಚಿತ್ರಗಳ ನಿಜವಾದ ಭಾರವಿರುವುದು ಅಲ್ಲೇ. ಮಾನಸಿಕ ಕಾಯಿಲೆ ಇರುವವರನ್ನು ಕೊಲೆಗಡುಕರಂತೆ ಚಿತ್ರಿಸಿದ್ದರೆ, ಹದಿಹರೆಯದವರ ಜೊತೆಗೂ ಅದು ಸರಿಯಲ್ಲವೆಂದು ಕುಳಿತು ಮಾತನಾಡಬೇಕು. 13+ ಮತ್ತು ಅದಕ್ಕೆ ಮೇಲ್ಪಟ್ಟ ಚಿತ್ರಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನು ಒಟಿಟಿಗಳು ಕೊಡಬೇಕೆಂದು 2021ರ ನಿಯಮಗಳೇ ಹೇಳುತ್ತವೆ, ಅದನ್ನು ಬಳಸಿಕೊಳ್ಳಿ.